ಅಂಜುಬುರುಕ ಅಕ್ಕ ಮತ್ತು ನನ್ನ ಜೋಮು ಹಿಡಿದ ಕೈ

ಗದ್ವಾಲದ ಅಕ್ಕಾರು ಹೋದರಂತೆ. ಸುದ್ದಿ ಹೇಳಿದವನು ಮಕ್ತಲ್ ಬಸ್ ಸ್ಟ್ಯಾಂಡಿನ ಎದುರಿನ ಔಷಧಿ ಅಂಗಡಿಯವನು. ನಾನು ಮೊಣಕಾಲಿಗೆ ಹಚ್ಚುವ ಮುಲಾಮು ತರಲು ಹೋಗಿದ್ದೆ. ಅವನು ಡಬ್ಬಿ ಹುಡುಕುತ್ತ, ಬೆನ್ನು ತಿರುಗಿಸಿಕೊಂಡೇ, "ನಿಮ್ಮ ಕೈ ಡಾಕ್ಟರಮ್ಮ ಹೋದ್ರಲ್ರೀ, ಗೊತ್ತಾಗಿಲ್ಲೇನು? ಹದಿನೈದು ದಿನದ ಮ್ಯಾಲ ಆತು," ಎಂದ. ಅವನ ಮೇಲೆ ಎಂಥ ಸಿಟ್ಟು ಬಂತೆಂದರೆ ಮುಲಾಮು ಅಲ್ಲೇ ಬಿಟ್ಟು ಮನೆಗೆ ಬಂದುಬಿಟ್ಟೆ. ಪಾಪ, ಅವನದೇನು ತಪ್ಪು? ಗದ್ವಾಲವೇನು ದೇಶದ ಆ ತುದಿಯೇ? ಹೋಗಬೇಕು, ಮಾತಾಡಿಸಿಕೊಂಡು ಬರಬೇಕು ಎಂದು ಎರಡು ವರ್ಷದಿಂದ ಅಂದುಕೊಂಡು ಹೋಗದೆ ಉಳಿದವಳು ನಾನೇ.

ಅವರ ಹೆಸರನ್ನು ಇಲ್ಲಿ ಬರೆಯುವುದಿಲ್ಲ. ತಮ್ಮ ಹೆಸರು ಎಲ್ಲೋ ಅಚ್ಚಾಗಿದೆ ಎಂದು ಗೊತ್ತಾದರೆ ಆಕೆ ಮೂರು ದಿನ ಬಾಗಿಲು ಹಾಕಿಕೊಂಡು ಕೂತುಬಿಡುತ್ತಿದ್ದರು. ಅಷ್ಟು ಅಂಜುಬುರುಕಿ. ನಾನು ನನ್ನ ಜನ್ಮದಲ್ಲಿ ಅಂಥ ಇನ್ನೊಬ್ಬ ಅಂಜುಬುರುಕಿಯನ್ನು ನೋಡಿಲ್ಲ. ನಾಯಿ ಕಂಡರೆ ಭಯ, ಗುಡುಗಿದರೆ ಭಯ, ಗೋಡೆಯ ಮೇಲೆ ಹಲ್ಲಿ ಲೊಚಗುಟ್ಟಿದರೂ ಭಯ. ತೆಲಂಗಾಣ ಕೊಟ್ಟರೆಂದು ಮಕ್ತಲ್ಲಿನ ಬೀದಿಯಲ್ಲಿ ಪೇಡೆ ಹಂಚುತ್ತ ಪಟಾಕಿ ಹಚ್ಚುತ್ತಿದ್ದಾಗ ಎರಡೂ ಕಿವಿ ಮುಚ್ಚಿಕೊಂಡು ನನ್ನ ಕೇಳಿದ್ದರು: "ತಂಗಿ, ಇನ್ನ ರಾಯಚೂರಿಗೆ ಹೋಗಾಕ ಏನರ ಚೀಟಿ ಗೀಟಿ ತೋರಸಬೇಕೇನು?" ಮೊದಲೂ ಅದು ಬೇರೆ ರಾಜ್ಯವೇ ಆಗಿತ್ತಲ್ಲ ಅಕ್ಕಾರ ಎಂದರೆ, "ಹೌದಲ್ಲಾ," ಎಂದು ನಾಲಿಗೆ ಕಚ್ಚಿಕೊಂಡರು.

ಅವರು ಫಿಜಿಯೋಥೆರಪಿ ಕಲಿತವರು. ಮನೆ ಗದ್ವಾಲದಲ್ಲಿ. ಮಂಗಳವಾರ, ಶುಕ್ರವಾರ ಮಕ್ತಲ್, ಬುಧವಾರ ನಾರಾಯಣಪೇಟೆ. ಉಳಿದ ದಿನ ಗದ್ವಾಲದಲ್ಲೇ. ಮಕ್ತಲ್ಲಿಗೆ ಬರಬೇಕೆಂದರೆ ಧರೂರು ದಾಟಿ ಜುರಾಲಾ ಡ್ಯಾಮಿನ ಮೇಲೆ ಬರಬೇಕು. ಆ ರೂಟಿನ ಬಸ್ಸಿಗೆ ನಮ್ಮ ಮನೆಯವರೇ ಕಂಡಕ್ಟರು. ಅವರೇ ನನಗೆ ಈ ಅಕ್ಕಾರ ಕಥೆಯನ್ನು ನಕ್ಕು ನಕ್ಕು ಹೇಳುತ್ತಿದ್ದದ್ದು. ಡ್ಯಾಮು ಇನ್ನೂ ಒಂದು ಮೈಲಿ ಇದೆ ಎನ್ನುವಾಗಲೇ ಆಕೆ ಕಣ್ಣು ಮುಚ್ಚಿ, ಸೆರಗಿನ ತುದಿ ಹಲ್ಲಲ್ಲಿ ಕಚ್ಚಿ ಕೂರುವರಂತೆ. ನಡುನಡುವೆ ಪಕ್ಕದವರನ್ನು "ದಾಟಿತೇನ್ರೀ?" ಎಂದು ಕೇಳುವರಂತೆ. ಯಾರಾದರೂ ತಲೆಹರಟೆಯವರು ಪಕ್ಕಕ್ಕಿದ್ದರೆ ಆತ್ಮಕೂರು ಬರುವ ತನಕವೂ "ಇನ್ನಾ ಇಲ್ರೀ, ನೀರು ಭಾಳ ಐತ್ರೀ" ಎಂದು ಕಣ್ಣು ಮುಚ್ಚಿಸಿಯೇ ಕೂರಿಸುತ್ತಿದ್ದರಂತೆ. ವಾರಕ್ಕೆ ಮೂರು ದಿನ ಈ ಸಂಕಟ. ಬಿಟ್ಟು ಗದ್ವಾಲದಲ್ಲೇ ಕೂರಬಹುದಿತ್ತು. ಬಿಡಲಿಲ್ಲ.

ನನಗೆ ಅವರ ಪರಿಚಯವಾದದ್ದು ನನ್ನ ಮೊದಲ ಬಸುರಿನಲ್ಲಿ. ನಾನು ಮನೆಯಲ್ಲೇ ಸೀರೆಯ ಜಾಕೀಟು ಹೊಲಿಯುತ್ತಿದ್ದೆ. ಆರನೆಯ ತಿಂಗಳಲ್ಲಿ ಒಂದು ದಿನ ಬೆಳಗ್ಗೆ ಎದ್ದಾಗ ಬಲಗೈಯ ಹೆಬ್ಬೆಟ್ಟು, ಅದರ ಪಕ್ಕದ ಎರಡು ಬೆರಳು ನನ್ನವಲ್ಲವೇನೋ ಅನ್ನಿಸುವಷ್ಟು ಜೋಮು ಹಿಡಿದಿದ್ದವು. ಕೈ ಕೊಡವಿದೆ, ಹೋಯಿತು. ಮರುದಿನ ಮತ್ತೆ. ವಾರದೊಳಗೆ ಎಡಗೈಗೂ ಬಂತು. ಬರಬರುತ್ತ ಹಗಲಿನಲ್ಲೂ ಬಿಡದಾಯಿತು. ಸೂಜಿಗೆ ದಾರ ಪೋಣಿಸಲು ಆಗದು, ಕತ್ತರಿ ಕೈಯಿಂದ ಜಾರುವುದು, ಜಾರಿದ್ದು ನೆಲಕ್ಕೆ ಬಿದ್ದ ಮೇಲೆಯೇ ಗೊತ್ತಾಗುವುದು. ನನ್ನ ಸೋದರತ್ತೆ ನಾರಾಯಣಪೇಟೆಯಲ್ಲಿ ಲಕ್ವ ಹೊಡೆದು ಎಂಟು ವರ್ಷ ಹೊರಸಿನ ಮೇಲೆ ಬಿದ್ದುಕೊಂಡಿದ್ದವಳು. ಅವಳ ಬಲಗೈ ಮುದುಡಿ ಎದೆಗೆ ಅಂಟಿಕೊಂಡಿರುತ್ತಿತ್ತು. ಸಣ್ಣವಳಿದ್ದಾಗ ನಾನೇ ಆ ಬೆರಳುಗಳನ್ನು ಬಿಡಿಸಿ ಎಣ್ಣೆ ಹಚ್ಚಿದ್ದೇನೆ. ಪಕ್ಕದ ಮನೆಯವಳು ನನ್ನ ಕೈ ನೋಡಿ ಹುಬ್ಬೇರಿಸಿ, "ಹಿಂಗ ಶುರು ಆಗತೈತಿ ನೋಡವ್ವಾ ಅದು," ಎಂದಾಗ ನನ್ನ ಜೀವ ಬಾಯಿಗೆ ಬಂತು.

ಸರ್ಕಾರಿ ದವಾಖಾನೆಯ ಡಾಕ್ಟರು ಕೈಯನ್ನು ಮುಟ್ಟಲೂ ಇಲ್ಲ. "ಏಂ ಕಾದಮ್ಮಾ, ಡೆಲಿವರಿ ಅಯಿತೆ ಅದೇ ಪೋತದಿ," ಎಂದು ತೆಲುಗಿನಲ್ಲಿ ಸಾಗಹಾಕಿದರು. ಏನೂ ಆಗುವುದಿಲ್ಲ, ಹೆರಿಗೆಯಾದರೆ ತಾನೇ ಹೋಗುತ್ತದೆ. ಅವರು ಹೇಳಿದ್ದು ಸುಳ್ಳಲ್ಲ, ಈಗ ಗೊತ್ತು. ಆದರೆ ಅದೇ ದಿನ ಮನೆಗೆ ಬಂದು ನೀರಿನ ತಂಬಿಗೆ ಎತ್ತಿದೆ ನೋಡಿ, ಅಂಗಳದ ನಡುವೆ ಧಡಾರನೆ ಬಿತ್ತು. ತಂಬಿಗೆ ಉರುಳಿ ಉರುಳಿ ನಿಲ್ಲುವ ತನಕ ನಾನು ಅಲ್ಲೇ ನಿಂತಿದ್ದೆ. ಇದು ಕೂಸಾಗಿದ್ದರೆ? ಆ ಒಂದು ಯೋಚನೆ ತಲೆಗೆ ಹೊಕ್ಕಿದ್ದೇ ತಡ, ಮತ್ತೆ ಹೊರಗೆ ಹೋಗಲಿಲ್ಲ. ಹೆರಿಗೆಯ ನೋವಿನ ಭಯವಿಲ್ಲ, ಸಾವಿನ ಭಯವಿಲ್ಲ. ಹುಟ್ಟಿದ ಮಗುವನ್ನು ನನ್ನ ಕೈಯಿಂದಲೇ ಕೆಡವುತ್ತೇನೆ ಎನ್ನುವುದೊಂದೇ ಭಯ.

"ನಮ್ಮ ಬಸ್ಸಿನ ಅಂಜುಬುರುಕ ಅಕ್ಕಾರ ಹತ್ರ ತೋರಿಸೋಣೇನು?" ಎಂದರು ಮನೆಯವರು. ಮುಳುಗುವವಳಿಗೆ ಯಾರಾದರೇನು? ಹೋದೆ.

ಬಸ್ ಸ್ಟ್ಯಾಂಡಿನ ಹಿಂದಿನ ಓಣಿಯಲ್ಲಿ, ಗೊಬ್ಬರದ ಅಂಗಡಿಯ ಮಗ್ಗುಲಿಗೆ ಒಂದು ಕೋಣೆ. ಒಳಗೆ ಹೋದರೆ ಯೂರಿಯಾ ವಾಸನೆ. ಒಂದು ಬೆಂಚು, ಒಂದು ಬಕೆಟ್ಟು, ಗೋಡೆಗೆ ಕೈಯ ಎಲುಬು ನರಗಳ ಚಿತ್ರ. ಆಕೆ ನನ್ನನ್ನು ಕೂರಿಸಿ, ತಮ್ಮ ಕೈಯಲ್ಲಿದ್ದ ಎರಡೆರಡು ಗಾಜಿನ ಬಳೆಗಳನ್ನು ತೆಗೆದು ಕರವಸ್ತ್ರದಲ್ಲಿ ಸುತ್ತಿ ಚೀಲದಲ್ಲಿ ಇಟ್ಟರು. ಕೆಲಸಕ್ಕೆ ಕೂರುವಾಗ ಅವರು ಬಳೆ ತೆಗೆಯುವರು, ಎದ್ದು ಹೊರಡುವಾಗ ಮತ್ತೆ ಏರಿಸುವರು. ರೋಗಿಯ ಮೈಗೆ ಗೀರಬಾರದೆಂದು ತೆಗೆಯುವುದು. ಏರಿಸುವುದು ಯಾಕೆಂದರೆ, ಬರಿಗೈಯ ಹೆಂಗಸು ಹೊಸ್ತಿಲು ತುಳಿಯುವುದನ್ನು ನಮ್ಮ ಕಡೆಯ ಮನೆಗಳಲ್ಲಿ ಸಹಿಸುವುದಿಲ್ಲ. ಬಳೆ ಇದ್ದರೆ ಮುತ್ತೈದೆ ಎಂದುಕೊಂಡು ಒಳಗೆ ಬಿಡುತ್ತಾರೆ. ಅವರಿಗೆ ಗಂಡ ಇದ್ದನೋ, ಹೋಗಿದ್ದನೋ, ಮದುವೆಯೇ ಆಗಿರಲಿಲ್ಲವೋ, ಮೂರು ಊರಿನಲ್ಲಿ ಯಾರಿಗೂ ಗೊತ್ತಿರಲಿಲ್ಲ.

ನನ್ನ ಎರಡೂ ಅಂಗೈಗಳ ಹಿಂಭಾಗವನ್ನು ಒಂದಕ್ಕೊಂದು ಒತ್ತಿಸಿ, ಬೆರಳು ಕೆಳಗೆ ಮಾಡಿಸಿ, ಗಡಿಯಾರ ನೋಡುತ್ತ ಕೂತರು. ಒಂದು ನಿಮಿಷವೂ ಆಗಿರಲಿಲ್ಲ, ಬೆರಳುಗಳಲ್ಲಿ ಇರುವೆ ಹರಿದಾಡಿದಂತಾಯಿತು. "ಲಕ್ವ ಅಲ್ಲ," ಎಂದರು. ಆಮೇಲೆ ನನಗೆ ಅರ್ಥವಾಗುವ ಹಾಗೆ ಬಿಡಿಸಿ ಹೇಳಿದರು.

"ನಾರ್ವ ಊರಿಗೆ ಹೋಗೋ ಆಟೋ ನೋಡಿಯಲ್ಲಾ? ಏಳು ಮಂದಿ ಕೂಡೋದ್ರಾಗ ಇಪ್ಪತ್ತು ಮಂದಿ ತುಂಬಿರ್ತಾರ. ಮೂಲ್ಯಾಗ ಒಬ್ಬಾಕಿ ಮುದುಕಿ ಸಿಕ್ಕೊಂಡಿರ್ತಾಳ, ಉಸರಾಡಾಕ ಜಾಗ ಇರಂಗಿಲ್ಲ. ನಿನ್ನ ಮುಂಗೈ ಕೀಲಿನ್ಯಾಗ ಹಂಗ ಒಂದು ಸಣ್ಣ ಸಂದು ಐತಿ. ಬಸರಾದಾಗ ಮೈಗೆ ನೀರು ತುಂಬತೈತಿ, ಸಂದು ಇಕ್ಕಟ್ಟಾಗತೈತಿ. ಮುದುಕಿ ಅಂದ್ರ ಆ ನರ. ಆಕಿ ಒದರಾಕ ಹತ್ಯಾಳ, ಅಷ್ಟ."

"ಮುದುಕಿ ಸತ್ತುಗಿತ್ತು ಹೋದ್ರ ಅಕ್ಕಾರ?"

ಬೇರೆ ಯಾರಾದರೂ ಆಗಿದ್ದರೆ ಥೂ ಬಿಡ್ತು ಅನ್ನು ಎನ್ನುತ್ತಿದ್ದರು. ಆಕೆ ಮಾತ್ರ, "ಭಾಳ ದಿನ ಹಂಗ ಬಿಟ್ರ ಕೆಡತೈತಿ. ಅದಕ್ಕ ಬಿಡಬಾರದು," ಎಂದರು. ನಾನು ಅಳತೊಡಗಿದೆ. ನನ್ನ ಕೂಸನ್ನು ನಾನೇ ಕೆಡವುತ್ತೇನೆ ಎಂದು ಅವರೊಬ್ಬರ ಮುಂದೆ ಬಾಯಿಬಿಟ್ಟು ಹೇಳಿದೆ. ಗಂಡನಿಗೂ ಹೇಳಿರಲಿಲ್ಲ. ಅಂಜಬೇಡ ಎನ್ನುತ್ತಾರೆಂದು ಕಾದೆ. ಎನ್ನಲಿಲ್ಲ.

"ಅಂಜ್ಕೋ ತಂಗಿ," ಎಂದರು. "ಅಂಜಿಕಿ ಬ್ಯಾಡ ಅಂದ್ರ ಬಿಟ್ಟು ಹೋಗತೈತೇನು? ಆದ್ರ ಮುಂಗೈ ನೆಟ್ಟಗ ಇಟ್ಕೊಂಡು ಅಂಜ್ಕೋ."

ಅವರ ಚಿಕಿತ್ಸೆಯೆಲ್ಲ ಆ ಮಾತಿನಲ್ಲೇ ಇತ್ತು. ಮುಂಗೈ ಬಾಗಬಾರದು, ನೆಟ್ಟಗಿರಬೇಕು. ಮಲಗುವಾಗ ಕೈಯನ್ನು ಕೆನ್ನೆಯ ಕೆಳಗೆ ಮಡಿಚಿ ಇಟ್ಟುಕೊಳ್ಳಬಾರದು. ನೀರಿನ ಪ್ಲಾಸ್ಟಿಕ್ ಪೈಪಿನ ತುಂಡನ್ನು ಬಿಸಿಮಾಡಿ ಚಪ್ಪಟೆ ಮಾಡಿ, ಹತ್ತಿ ಇಟ್ಟು, ಹಳೆಯ ನಾರಾಯಣಪೇಟೆ ಸೀರೆಯ ಬಟ್ಟೆ ಹೊದಿಸಿ, ಎರಡೂ ಕೈಗೆ ಪಟ್ಟಿ ಮಾಡಿಕೊಟ್ಟರು. ಮಲಗುವ ಮುಂಚೆ ಕಟ್ಟಿಕೊಂಡರೆ ಎದ್ದ ಮೇಲೆ ಬಿಚ್ಚುವುದು. ಹಗಲಿಗೆ ಬೆರಳಿನ ವ್ಯಾಯಾಮ. ಹಲಗಿ, ಮಾಳಿಗಿ, ಕೊಕ್ಕಿ, ಮುಟಿಗಿ ಎಂದು ಅವಕ್ಕೆ ಅವರೇ ಹೆಸರಿಟ್ಟಿದ್ದರು. ಬೆರಳು ನೀಡಿದರೆ ಹಲಗಿ, ಬುಡದಲ್ಲಿ ಮಾತ್ರ ಬಾಗಿಸಿದರೆ ಮಾಳಿಗಿ, ತುದಿ ಬಾಗಿಸಿದರೆ ಕೊಕ್ಕಿ, ಪೂರ್ತಿ ಮಡಿಚಿದರೆ ಮುಟಿಗಿ. ನಾನು ಟೀವಿಯ ಮುಂದೆ ಕೂತು ಮಾಡುತ್ತಿದ್ದೆ. ಟೀವಿಯಲ್ಲಿ ಹೈದರಾಬಾದಿನ ಮಂದಿ ಜೈ ತೆಲಂಗಾಣ ಎಂದು ಮುಷ್ಟಿ ಎತ್ತುವುದಕ್ಕೂ ನಾನು ಮುಟಿಗಿ ಮಾಡುವುದಕ್ಕೂ ಸರಿಹೋಗಿ, ಅತ್ತೆ ಅಡಿಗೆಮನೆಯಿಂದ ಇಣುಕಿ, "ನೀನೂ ಹೋಗಬೇಕಿತ್ತೇಳು ಧರಣಿಗೆ," ಎನ್ನುತ್ತಿದ್ದರು.

ಅತ್ತೆಗೆ ಸಿಟ್ಟು ಬರಲು ಕಾರಣವಿತ್ತು. ಅಕ್ಕಾರು ನನಗೆ ರೊಟ್ಟಿ ಬಡಿಯಬಾರದೆಂದು ಕಟ್ಟಪ್ಪಣೆ ಮಾಡಿದ್ದರು. ಜೋಳದ ರೊಟ್ಟಿ ಬಡಿಯುವುದೆಂದರೆ ಮುಂಗೈಗೆ ಒಂದೇ ಸಮನೆ ಪೆಟ್ಟು. ಅರವತ್ತು ದಾಟಿದ ಅತ್ತೆ ಮತ್ತೆ ಒಲೆಯ ಮುಂದೆ ಕೂರಬೇಕಾಯಿತು. "ನಾವು ಹಡದಿಲ್ಲೇನು? ನಮಗ ಕೈ ಇರಲಿಲ್ಲೇನು?" ಎಂದು ಗೊಣಗುತ್ತಲೇ ಬಡಿದರು. ಗೊಣಗಿದರೂ ಮೊದಲ ಬಿಸಿ ರೊಟ್ಟಿ ನನ್ನ ತಟ್ಟೆಗೇ ಹಾಕುವರು. ಕೆಟ್ಟವರಲ್ಲ ಅವರು. ಇನ್ನೂ ಇಪ್ಪತ್ತೆಂಟು ತುಂಬದಿದ್ದಾಗ ಗಂಡನನ್ನು ಕಳೆದುಕೊಂಡು, ಒಬ್ಬನೇ ಮಗನನ್ನು ಸಾಕಿದ ಹೆಂಗಸು.

ಒಂದು ತಿಂಗಳಿಗೆ ಕೈ ಹಗುರಾಯಿತು. ಜೋಮು ಹೋಗಲಿಲ್ಲ, ಆದರೆ ಹಿಡಿದದ್ದು ನಿಲ್ಲುತ್ತಿತ್ತು. ಅಷ್ಟರಲ್ಲಿ ಏಳನೆಯ ತಿಂಗಳು ಬಿತ್ತು, ಕುಬಸ ಬಂತು.

ನಮ್ಮಲ್ಲಿ ಬಸುರಿಗೆ ಕುಬಸ ಮಾಡುವಾಗ ಹಸಿರು ಗಾಜಿನ ಬಳೆ ಇಡಿಸುತ್ತಾರೆ. ತವರಿನವರು ನಾರಾಯಣಪೇಟೆಯಿಂದ ಬಂದಿದ್ದರು. ಬಳೆಗಾರ್ತಿ ಕೈ ಹಿಂಡಿ ಹಿಂಡಿ ಒಂದೊಂದು ಕೈಗೆ ಹನ್ನೊಂದು ಬಳೆ ಏರಿಸಿದಳು. ಸಡಿಲ ಬಳೆ ಇಡಿಸಿದರೆ ಮಂದಿ ಆಡಿಕೊಳ್ಳುತ್ತಾರೆ, ಬಿಗಿಯಾಗಿದ್ದರೇ ಚೆಂದ. ಹಡೆಯುವ ತನಕ ಅವನ್ನು ತೆಗೆಯುವ ಹಾಗಿಲ್ಲ. ಒಡೆಯುವುದಂತೂ ಬಾಯಲ್ಲಿ ಆಡುವ ಮಾತಲ್ಲ. ಮರುವಾರ ನನ್ನನ್ನು ತವರಿಗೆ ಕರೆದೊಯ್ಯಬೇಕಿತ್ತು. ಆದರೆ ಅದೇ ಹೊತ್ತಿಗೆ ತೆಲಂಗಾಣ ಬೇಕೆಂದು ಬಸ್ಸುಗಳೆಲ್ಲ ನಿಂತವು. ಗದ್ವಾಲದ ಬಸ್ಸಿಲ್ಲ, ಅಕ್ಕಾರು ಬರಲಿಲ್ಲ. ನಾರಾಯಣಪೇಟೆ ಬಸ್ಸಿಲ್ಲ, ನಾನು ಹೋಗಲಿಲ್ಲ. ಮನೆಯವರು ದಿನಾ ಬೆಳಗ್ಗೆ ಡಿಪೋದ ಮುಂದಿನ ಧರಣಿಗೆ ಹೋಗಿ ಕೂರುವರು. ಅಲ್ಲಿ ಪೊಲೀಸರು ಲಾಠಿ ಬೀಸಿದರು, ಇಲ್ಲಿ ಕಲ್ಲು ಬಿತ್ತು ಎಂದು ಸುದ್ದಿ ಬರುತ್ತಿತ್ತು. ಅತ್ತೆ ಮಗ ಮನೆಗೆ ಬರುವ ತನಕ ಬಾಗಿಲು ಬಿಟ್ಟು ಏಳುತ್ತಿರಲಿಲ್ಲ.

ಬಳೆ ಇಟ್ಟ ಮೇಲೆ ಪಟ್ಟಿ ಕಟ್ಟಲು ಜಾಗವೇ ಇರಲಿಲ್ಲ. ಎರಡು ದಿನ ಪಟ್ಟಿ ಇಲ್ಲದೆ ಮಲಗಿದೆ, ಜೋಮು ಮೊದಲಿನ ಹಾಗೆ ತಿರುಗಿ ಬಂತು. ಆಗ ಅತ್ತೆಗೇ ಒಂದು ಉಪಾಯ ಹೊಳೆಯಿತು. ಬಳೆ ತೆಗೆಯಬಾರದು ತಾನೆ, ಮೇಲಕ್ಕೆ ಸರಿಸಿದರೆ ಏನಾಯಿತು? ಹೆಚ್ಚು ಬಾತ ಬಲಗೈಗೆ ಕೊಬ್ಬರಿ ಎಣ್ಣೆ ಹಚ್ಚಿ, ಹನ್ನೊಂದನ್ನೂ ಮೊಣಕೈಯ ಹತ್ತಿರಕ್ಕೆ ಒತ್ತಿ ಒತ್ತಿ ಏರಿಸಿ, ಕೆಳಗೆ ಪಟ್ಟಿ ಕಟ್ಟಿದರು. ನನಗೂ ಸರಿಯೆನ್ನಿಸಿತು. ಪ್ರೀತಿಯಿಂದಲೇ ಮಾಡಿದ್ದರು. ಮರುದಿನ ಬೆಳಗ್ಗೆ ಪಟ್ಟಿ ಬಿಚ್ಚಿದರೆ ಬಲಗೈ ಊದಿ ದಿಂಬಾಗಿತ್ತು, ಬೆರಳುಗಳು ನೇರಳೆ ಹಣ್ಣಿನ ಬಣ್ಣಕ್ಕೆ ತಿರುಗಿದ್ದವು. ಬಳೆಗಳು ಮಾಂಸದಲ್ಲಿ ಹೂತು, ಮೇಲಕ್ಕೂ ಹೋಗವು, ಕೆಳಕ್ಕೂ ಬಾರವು. ಉಗುರು ಒತ್ತಿ ನೋಡಿಕೊಂಡೆ, ಏನೂ ಗೊತ್ತಾಗಲಿಲ್ಲ. ನನ್ನ ಸೋದರತ್ತೆಯ ಕೈ ಕಣ್ಣಮುಂದೆ ಬಂದು ನಿಂತಿತು.

ಮನೆಯವರು ಆಗಲೇ ಧರಣಿಗೆ ಹೋಗಿದ್ದರು. ಎಡಗೈಯಲ್ಲಿ ಅಕ್ಕಾರಿಗೆ ಫೋನು ಹಚ್ಚಿದೆ.

"ಬಣ್ಣ ಯಾವುದೈತಿ?" ಎಂದರು. ಹೇಳಿದೆ. ಆಮೇಲೆ, "ಈಗಿಂದೀಗ ಬಳಿ ಒಡಸು. ಇಲ್ಲಾ ದವಾಖಾನಿಗೆ ನಡಿ," ಎಂದರು.

ಮಗ್ಗುಲಲ್ಲೇ ಕಿವಿಗೊಟ್ಟು ನಿಂತಿದ್ದ ಅತ್ತೆ ಫೋನು ಕಸಿದುಕೊಂಡರು. "ನನ್ನ ಮಗ ಲಾಠಿ ಬಾಯಾಗ ಕುಂತಾನ. ಇವತ್ತ ಬಳಿ ಒಡಸು ಅಂತೀರೇನ್ರೀ? ದವಾಖಾನಿಗೆ ಹೋದ್ರೂ ಅವರು ಒಡಿಯೋದ. ನಾ ಒಮ್ಮೆ ಹೊಳಿ ದಂಡ್ಯಾಗ ಒಡಸ್ಕೊಂಡಾಕಿ ಅದೀನಿ. ಈ ಮನ್ಯಾಗ ಇನ್ನೊಮ್ಮೆ ಆ ಸಪ್ಪಳ ಆಗಬಾರದು." ಫೋನನ್ನು ನನ್ನ ಮಡಿಲಿಗೆ ಹಾಕಿ ಗೋಡೆಗೆ ಮುಖ ಮಾಡಿ ನಿಂತರು.

"ಕೈ ಮ್ಯಾಲ ಎತ್ತಿ ಹಿಡಿ," ಎಂದರು ಅಕ್ಕಾರು ನನಗೆ. "ತಲಿಗಿಂತ ಮ್ಯಾಲ. ತಣ್ಣೀರ ಬಟ್ಟಿ ಸುತ್ತು. ಮುಟಿಗಿ ಮಾಡು, ಬಿಡು, ಮಾಡು, ಬಿಡು. ನಿಲ್ಲಸಬ್ಯಾಡ. ನಾ ಬರ್ತೀನಿ."

"ಬಸ್ಸಿಲ್ಲಲ್ರೀ ಅಕ್ಕಾರ?"

"ಗೊತ್ತೈತಿ ಮಾರಾಯ್ತಿ," ಎಂದು ಇಟ್ಟುಬಿಟ್ಟರು.

ಮಾಳಿಗೆಯ ತೊಲೆಗೆ ತೊಟ್ಟಿಲು ಕಟ್ಟುವ ಕೊಂಡಿ ಇತ್ತು. ಅದಕ್ಕೆ ಟವೆಲ್ಲು ಇಳಿಬಿಟ್ಟು ಕೈ ತೂಗುಹಾಕಿಕೊಂಡು ಕೂತೆ. ಹೊಟ್ಟೆಯೊಳಗೆ ಕೂಸು ಒದೆಯುತ್ತಿತ್ತು. ಅತ್ತೆ ಐದೈದು ನಿಮಿಷಕ್ಕೆ ಬಟ್ಟೆ ತೋಯಿಸಿ ಸುತ್ತುವರು. ನಾನು ಮುಟಿಗಿ ಮಾಡುತ್ತಿದ್ದೇನೋ ಇಲ್ಲವೋ ನನಗೇ ತಿಳಿಯದು, ತಲೆ ಎತ್ತಿ ಕಣ್ಣಿನಿಂದ ನೋಡಿಕೊಂಡು ಮಾಡಬೇಕು. ಇನ್ನು ಈ ಕೈ ನನ್ನ ಪಾಲಿಗೆ ಇಲ್ಲ ಎಂದೇ ತಿಳಿದಿದ್ದೆ.

ಮಧ್ಯಾಹ್ನದ ಹೊತ್ತಿಗೆ ಬಂದರು. ಧರೂರಿನ ತನಕ ಹಾಲಿನ ಗಾಡಿ. ಅಲ್ಲಿಂದ ಡ್ಯಾಮು ದಾಟಿ ಆತ್ಮಕೂರಿಗೆ ಯಾರೋ ಗುರುತಿಲ್ಲದವನ ಮೋಟಾರ್ ಸೈಕಲ್ಲಿನ ಹಿಂದೆ. ಮುಂದೆ ಆಟೋ. ಮುಖದಲ್ಲಿ ರಕ್ತವಿರಲಿಲ್ಲ, ತುಟಿ ಒಣಗಿತ್ತು. ಚಪ್ಪಲಿ ಬಿಟ್ಟು ಹೊಸ್ತಿಲ ಮೇಲೆ ಕಾಲಿಟ್ಟರು. ಅತ್ತೆ ಬಾಗಿಲಿಗೆ ಅಡ್ಡ ನಿಂತರು.

ಅವಸರದಲ್ಲಿ ಅಕ್ಕಾರು ಬಳೆ ಹಾಕಿಕೊಳ್ಳುವುದನ್ನೇ ಮರೆತುಬಿಟ್ಟಿದ್ದರು. ಎರಡೂ ಕೈ ಬೋಳು.

ಅತ್ತೆ ಆ ಕೈಗಳನ್ನೇ ನೋಡಿದರು. ಅಕ್ಕಾರಿಗೆ ತಿಳಿಯಿತು. ಗಡಬಡಿಸಿ ಚೀಲದಿಂದ ಕರವಸ್ತ್ರ ತೆಗೆದು ಗಂಟು ಬಿಚ್ಚಲು ಹೋದರು. ಬೆರಳುಗಳು ನಡುಗುತ್ತಿದ್ದವು, ಗಂಟು ಬಿಚ್ಚಲಿಲ್ಲ.

"ಬಸುರಿ ಮನ್ಯಾಗ ಇದೇನ್ ಡಾಕ್ಟರಮ್ಮ?" ಎಂದರು ಅತ್ತೆ. "ಹಾಕ್ಕೊಳ್ಳೋದು, ತೆಗಿಯೋದು, ಹಾಕ್ಕೊಳ್ಳೋದು. ಬಳಿ ಅಂದ್ರ ಆಟ ಅಂತ ತಿಳದೀರೇನು?"

ಅಕ್ಕಾರು ಗಂಟು ಬಿಚ್ಚುವುದನ್ನು ಬಿಟ್ಟರು. "ಯಾರ ಸಲುವಾಗಿ ಹಾಕ್ಕೊಳ್ಳಲಿ ಅಮ್ಮಾರ?" ಎಂದರು, ಮೆಲ್ಲಗೆ. "ನೀವ ಹೇಳ್ರಿ."

ಆ ಮಾತಿಗೆ ಅರ್ಥ ಏನೆಂದು ನನಗೆ ಇವತ್ತಿಗೂ ಗೊತ್ತಿಲ್ಲ. ಅತ್ತೆಗೆ ಗೊತ್ತಾಯಿತು ಅಂತ ಕಾಣುತ್ತದೆ. ಬಾಗಿಲು ಬಿಟ್ಟು ಸರಿದರು. "ಒಡಿಬ್ಯಾಡ್ರಿ ಮತ್ತ," ಎಂದಷ್ಟೇ ಅಂದರು.

"ಒಡ್ಯಂಗಿಲ್ಲ. ತೆಗಿಯೋಣ. ಆದ್ರ ನನ್ನ ಕೈ ನೋಡ್ರಿ, ನಿಲ್ಲವಲ್ವು. ನೀವ ತೆಗಿಬೇಕು, ನಾ ಹೆಂಗಂತ ಹೇಳ್ತೀನಿ."

"ನನ್ನ ಕೈಲೇ ಮುತ್ತೈದಿ ಬಳಿ ತೆಗಿಬಾರದ್ರೀ!"

"ಹಂಗಂದ್ರ ಇಲ್ಲಿ ಇರೋದು ನಾವಿಬ್ಬರ ಅಲ್ರೀ ಅಮ್ಮಾರ," ಎಂದರು ಅಕ್ಕಾರು. ಇಬ್ಬರೂ ಬೋಳು ಕೈಯವರು ಒಬ್ಬರ ಮುಖ ಒಬ್ಬರು ನೋಡಿದರು. ಅತ್ತೆ ಹೋಗಿ ಸೋಪು ತಂದರು.

ಹೊಲಿಯುವ ದಾರದ ಉಂಡೆ ನನ್ನ ಮಷೀನಿನ ಮೇಲೆಯೇ ಇತ್ತು. ಅಕ್ಕಾರು ಬೆರಳ ತುದಿಯಿಂದ ಶುರುಮಾಡಿ ಮುಂಗೈಯ ತನಕ ದಾರವನ್ನು ಒತ್ತೊತ್ತಾಗಿ ಸುತ್ತುತ್ತ ಬಾವನ್ನು ಹಿಂದಕ್ಕೆ ಒತ್ತಿದರು. ಬಿಚ್ಚಿದರು, ಮತ್ತೆ ಸುತ್ತಿದರು. ಅತ್ತೆ ಸೋಪಿನ ನೊರೆ ಹಚ್ಚಿ ಒಂದು ಬಳೆ ಜಾರಿಸಿದರು. ನನ್ನ ಹೆಬ್ಬೆಟ್ಟಿನ ಬುಡದಲ್ಲಿ ಅದು ಸಿಕ್ಕಿಕೊಂಡಾಗ ಮೂವರೂ ಉಸಿರು ಹಿಡಿದೆವು. ಬಂತು. ಅತ್ತೆ ಅದನ್ನು ತೊಳೆದು, ಕಣ್ಣಿಗೆ ಒತ್ತಿಕೊಂಡು, ಅರಿಶಿನದ ತಟ್ಟೆಯಲ್ಲಿ ಇಟ್ಟರು. ಇನ್ನೊಂದು. ಮತ್ತೊಂದು. ನನ್ನ ಕೈ ಹರಿದುಹೋಗುತ್ತದೇನೋ ಎನ್ನುವಷ್ಟು ನೋವು, ಆದರೆ ನೋವು ತಿಳಿಯುತ್ತಿದೆಯಲ್ಲ ಎಂದು ಒಳಗೊಳಗೇ ಸಂತೋಷ. ಹತ್ತು ಬಂದವು. ಹನ್ನೊಂದನೆಯದು ಹೆಬ್ಬೆಟ್ಟಿನ ಗೆಣ್ಣಿನ ಹತ್ತಿರ ಬಂದು ಟಪ್ಪೆಂದು ಎರಡಾಯಿತು.

ಅತ್ತೆಯ ಮುಖವನ್ನು ನಾನು ನೋಡಲಾರದೆ ಹೋದೆ. ಆಕೆ ಎರಡು ತುಂಡನ್ನೂ ಅಂಗೈಯಲ್ಲಿ ಹಿಡಿದುಕೊಂಡು ಹೋಗಿ ಹೊಸ್ತಿಲ ಮೇಲೆ ಕೂತರು. ರಸ್ತೆಯ ಕಡೆಗೆ ಕಣ್ಣು.

ನನ್ನ ಬೆರಳುಗಳಿಗೆ ನಿಧಾನಕ್ಕೆ ಬಣ್ಣ ಬರತೊಡಗಿತು. ಎಡಗೈ ಅಷ್ಟು ಬಾತಿರಲಿಲ್ಲ, ಅದರ ಬಳೆಗಳು ಸೋಪಿಗೆ ಸುಲಭವಾಗಿ ಬಂದವು. ಅಕ್ಕಾರ ಕೆಲಸ ಮುಗಿಯಿತು. ಆತ್ಮಕೂರಿಗೆ ಆಟೋ ಇದ್ದದ್ದು ಸಾಯಂಕಾಲದ ತನಕ ಮಾತ್ರ, ಹೊರಡಿ ಅಕ್ಕಾರ ಎಂದೆ. ಅವರು ಎದ್ದವರು ಬಾಗಿಲ ತನಕ ಹೋಗಿ, ಅತ್ತೆಯ ಪಕ್ಕದಲ್ಲಿ ಕೂತುಬಿಟ್ಟರು.

"ನೀವು ಕಲ್ತವರು. ಇಂಥಾದ್ದೆಲ್ಲಾ ನಂಬತೀರೇನ್ರೀ?" ಎಂದೆ.

"ನಂಬಿಕಿ ಇಲ್ಲ ತಂಗಿ," ಎಂದರು. "ಅಂಜಿಕಿ ಐತಿ. ಕಂಡಕ್ಟರ್ ಸಾಹೇಬರು ಬರಲಿ, ಆಮ್ಯಾಲ ಹೋಗ್ತೀನಿ."

ಮನೆಯವರಿಗೆ ಹಚ್ಚಿದರೆ ಫೋನು ಸ್ವಿಚ್ ಆಫ್. ಒಂದು ಸಲ, ಎರಡು ಸಲ, ಐದು ಸಲ. ಅತ್ತೆ ಕುಡಿಯಲು ನೀರು ಕೂಡ ಮುಟ್ಟಲಿಲ್ಲ. ಆಟೋ ಹೋಯಿತು. ಇಬ್ಬರೂ ಹೊಸ್ತಿಲ ಮೇಲೆ ಕೂತೇ ಇದ್ದರು. ದೀಪ ಹಚ್ಚುವ ಹೊತ್ತಿಗೆ ನಮ್ಮ ಮನೆಯವರು ಮೈಯೆಲ್ಲ ಧೂಳಾಗಿ, ಕೂಗಿ ಕೂಗಿ ಗಂಟಲು ಕಟ್ಟಿಸಿಕೊಂಡು ಬಂದರು. ಫೋನಿನ ಚಾರ್ಜು ಮುಗಿದಿತ್ತಂತೆ. ಏನಾಯಿತು, ಯಾಕೆ ಹೀಗೆ ಕೂತಿದ್ದೀರಿ ಎನ್ನುವುದರೊಳಗೆ ಅತ್ತೆ ಎದ್ದು ಮಗನ ಬೆನ್ನ ಮೇಲೆ ಫಟಾರೆಂದು ಒಂದು ಕೊಟ್ಟು, ಅದೇ ಬೆನ್ನಿಗೆ ಹಣೆ ಹಚ್ಚಿ ಅತ್ತರು. ಅಕ್ಕಾರು ಚಪ್ಪಲಿ ಮೆಟ್ಟಿಕೊಂಡು ಸದ್ದಿಲ್ಲದೆ ಇಳಿದುಹೋದರು. ಆ ರಾತ್ರಿ ಯೂರಿಯಾ ವಾಸನೆಯ ಕೋಣೆಯ ಬೆಂಚಿನ ಮೇಲೆಯೇ ಮಲಗಿದರೆಂದು ಆಮೇಲೆ ತಿಳಿಯಿತು.

ಬಸ್ಸು ಶುರುವಾದ ಮೇಲೆ ನಾನು ನಾರಾಯಣಪೇಟೆಗೆ ಹೋದೆ. ಬುಧವಾರ ಬುಧವಾರ ಅಕ್ಕಾರು ಅಲ್ಲಿಗೇ ಬಂದು ನೋಡುತ್ತಿದ್ದರು. ದಿನ ತುಂಬಿ ಮಗಳು ಹುಟ್ಟಿದಳು. ಹೆರಿಗೆ ಸಸಾರವಾಯಿತು.

ಹೆರಿಗೆಯಾದರೆ ಹೋಗುತ್ತದೆ ಎಂದದ್ದು ಆಗಿಂದಾಗಲೇ ಹೋಗಲಿಲ್ಲ. ಬೆರಳಿನ ತುದಿಗಳು ಹಾಗೇ ಸತ್ತುಕೊಂಡಿದ್ದವು. ಹನ್ನೆರಡು ದಿನ ನಾನು ನನ್ನ ಮಗಳನ್ನು ಎತ್ತಿಕೊಳ್ಳಲಿಲ್ಲ. ಮಲಗಿಕೊಂಡೇ ಹಾಲು ಕುಡಿಸುವುದು, ಅವ್ವ ಪಕ್ಕದಲ್ಲಿ ಇಟ್ಟು, ಮುಗಿದ ಮೇಲೆ ಎತ್ತಿಕೊಂಡು ಹೋಗುವಳು. ನೋಡಲು ಬಂದವರು ಬಾಣಂತಿಗೆ ಕೊಡ್ರಿ ಎಂದರೆ ಸೊಂಟ ನೋವು ಎನ್ನುವೆ, ತಲೆ ಸುತ್ತು ಎನ್ನುವೆ. ಕೈಯ ಮಾತು ಎತ್ತುತ್ತಿರಲಿಲ್ಲ. ಮಗಳು ಅತ್ತರೆ ನಾನು ಕೈಗಳೆರಡನ್ನೂ ಕಂಕುಳಲ್ಲಿ ಅಡಗಿಸಿಕೊಂಡು ಅಳುತ್ತಿದ್ದೆ. ಅವ್ವ ಸಿಟ್ಟಿಗೆದ್ದು, "ಎಂಥಾ ತಾಯಿಯೇ ನೀನು!" ಎಂದೂ ಅಂದಳು.

ಹಿಂದಿನ ಬುಧವಾರ ಅಕ್ಕಾರು ಬಂದಿರಲಿಲ್ಲ. ಹದಿಮೂರನೆಯ ದಿನ ಮತ್ತೆ ಬುಧವಾರ. ಅಕ್ಕಾರು ಬಂದರು. ಅವ್ವ ದೂರು ಹೇಳಿದಳು. ಅವರು ಎಲ್ಲ ಕೇಳಿ, ಬಳೆ ತೆಗೆದಿಟ್ಟು, ನೆಲದ ಮೇಲೆ ಎರಡು ಕೌದಿ ಹಾಸಿಸಿದರು. ಅದರ ಮೇಲೆ ನನ್ನನ್ನು ಗೋಡೆಗೆ ಒರಗಿಸಿ ಕೂರಿಸಿ, ತೊಡೆಯ ಮೇಲೆ ದಿಂಬು, ಎಡಮೊಣಕೈಯ ಕೆಳಗೆ ಇನ್ನೊಂದು ದಿಂಬು ಇಟ್ಟರು.

"ಕೂಸಿನ್ನ ನೀವ ಕೊಡ್ರಿ," ಎಂದರು ಅವ್ವನಿಗೆ. "ನನಗ ಕೂಸು ಎತ್ತಾಕ ಬರಂಗಿಲ್ಲ. ಕೈಕಾಲು ನಡಗ್ತಾವ."

"ಬ್ಯಾಡ್ರೀ ಅಕ್ಕಾರ. ಬೀಳತೈತ್ರೀ," ಎಂದೆ.

"ಎಲ್ಲಿಗೆ ಬೀಳತೈತಿ? ದಿಂಬಿನ ಮ್ಯಾಲ. ಅಲ್ಲಿಂದ ಜಾರಿದ್ರ ಕೌದಿ ಮ್ಯಾಲ. ಅಲ್ಲಿಂದ ಮುಂದ ಭೂಮಿ ಐತಿ, ಎಲ್ಲಿಗೂ ಹೋಗಂಗಿಲ್ಲ."

ಅವ್ವ ಮಗಳನ್ನು ನನ್ನ ಎಡತೋಳಿನಲ್ಲಿ ಇಟ್ಟಳು. ಬಲಗೈಯನ್ನು ಅಕ್ಕಾರು ಹಿಡಿದು ಮಗುವಿನ ಕುಂಡಿಯ ಕೆಳಗೆ ತೂರಿಸಿದರು. ಆಮೇಲೆ ತಮ್ಮ ಕೈ ತೆಗೆದರು. ಅವ್ವನೂ ತೆಗೆದಳು. ನನಗೆ ಬೆವರು ಕಿತ್ತುಕೊಂಡು ಬಂತು. ಕೈ ಹಿಡಿದಿದೆಯೋ ಬಿಟ್ಟಿದೆಯೋ ಹೇಗೆ ತಿಳಿಯುವುದು? ಮಗಳು ಒಮ್ಮೆ ಮುಖ ಕಿವುಚಿದಳು, ಕಾಲು ಎತ್ತಿದಳು, ಆಮೇಲೆ ಸುಮ್ಮನಾದಳು.

"ಬಿಸಿ!" ಎಂದು ಕಿರಿಚಿದೆ. "ಅಕ್ಕಾರ, ಬಿಸಿ ಐತ್ರೀ!"

ಅವ್ವ ಗಾಬರಿಯಾಗಿ ಓಡಿಬಂದಳು. ಅಕ್ಕಾರು ಅವಳನ್ನು ತಡೆದರು. ಕೌದಿಯ ಮೇಲೆ ಮೊಣಕಾಲೂರಿ ನನ್ನ ಕೈಯ ಹತ್ತಿರ ಮುಖ ತಂದು, "ಯಾವ ಬೆರಳಿಗೆ?" ಎಂದರು.

"ಎಲ್ಲಾದಕ್ಕೂ ರೀ."

"ಹೆಬ್ಬಟ್ಟಿಗೆ?"

"ಹೂಂ."

"ಅದರ ಮಗ್ಗಲಕಿನದಕ್ಕ?"

"ಅದಕ್ಕೂ ರೀ, ನಡುವಿನದಕ್ಕೂ. ಬೆರಳ ಸಂದ್ಯಾಗೆಲ್ಲಾ ಹರಿಯಾಕ ಹತ್ತೈತಿ."

ಅಕ್ಕಾರು ನೆಲಕ್ಕೆ ಕುಸಿದು ಕೂತು ಬಾಯಿಗೆ ಸೆರಗು ಒತ್ತಿಕೊಂಡು ಅತ್ತರು. ಒದ್ದೆ ಬಟ್ಟೆ ಬದಲಿಸಲು ಅವ್ವ ಎರಡೂ ಕೈ ಚಾಚಿದಳು. ನಾನು ಕೊಡಲಿಲ್ಲ.